ಮಗನ್ನ ರಿಸರ್ವ್ಸ್‌ಗೆ ಹಾಕಿದಾರೆ ಅಂತ ಬೇಜಾರಾಗಿರೋ ತಮ್ಮನಿಗೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಬಂದು ಮೆಲ್ಬರ್ನಿನ ಟಾರ್ನೀಟಲ್ಲಿ ಮನೆ ಮಾಡಿ ಇನ್ನೂ ವರ್ಷ ತುಂಬಿಲ್ಲ, ಅಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದ 17 ವರ್ಷದ ಮಗ ಇಲ್ಲಿ ಫೂಟಿ, ಅಂದ್ರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಹಿಡ್ಕೊಂಡಿದಾನೆ, ಲೋಕಲ್ ಕ್ಲಬ್ಬಿನೋರು ರಿಸರ್ವ್ಸ್‌ಗೆ, ಅಂದ್ರೆ ಎರಡನೇ ಟೀಮಿಗೆ, ಹಾಕಿದಾರೆ, ಕೋಚ್ ಹತ್ರ ಹೋಗಿ ಕೇಳ್ಲಾ, ಕ್ಲಬ್ ಬದಲಾಯಿಸ್ಲಾ, ಮುಂದೆ ಎಎಫ್‌ಎಲ್ (ದೇಶದ ದೊಡ್ಡ ಲೀಗ್), ವಿಎಫ್‌ಎಲ್ (ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಅಂತಾರಲ್ಲ ಅದೆಲ್ಲ ನಿಜಾನಾ, ಓದು ಏನಾಗತ್ತೆ, ಇನ್ಶೂರೆನ್ಸ್ ಯಾವುದು, ಕಾರು ಯಾವುದು, ಎಲ್ಲಾ ಒಂದೇ ಉಸಿರಲ್ಲಿ ಕೇಳಿದೀರ. ಅಕ್ಕ ಅಂತ ಬೇರೆ ಕರೆದಿದೀರ, ಹಂಗಾಗಿ ಅಕ್ಕನ ತರಾನೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.

ಸಣ್ಣಪುಟ್ಟದು ಮೊದಲು ಮುಗಿಸ್ಬಿಡೋಣ. ಕಾರು ಟೊಯೋಟಾ ತಗೊಳಿ, ರೋಡ್‌ವರ್ದಿ ಸರ್ಟಿಫಿಕೇಟ್ ಇಲ್ದೆ ದುಡ್ಡು ಕೊಡ್ಬೇಡಿ. ಹೆಲ್ತ್ ಇನ್ಶೂರೆನ್ಸ್ ನಿಮ್ಮ ವೀಸಾ ಯಾವುದು ಅನ್ನೋದ್ರ ಮೇಲಿದೆ, ಆದ್ರೆ ಎಕ್ಸ್‌ಟ್ರಾಸಲ್ಲಿ, ಅಂದ್ರೆ ಆಸ್ಪತ್ರೆ ಬಿಟ್ಟು ಬೇರೆ ಖರ್ಚಿನ ಕವರಲ್ಲಿ, ಡೆಂಟಲ್ಲು ಫಿಸಿಯೋ ಎರಡೂ ಇರ್ಲಿ, ಫೂಟಿ ಆಡೋ ಮನೇಲಿ ಎರಡೂ ಬೇಕಾಗತ್ತೆ. ಓದಿನ ವಿಷಯ ದಾವಣಗೆರೆಯವರಿಗೆ ನಾನು ಹೇಳ್ಬೇಕಾ? ಓದ್ಲಿ.

ಈಗ ರಿಸರ್ವ್ಸ್. ನಾವು ಬೆಳೆದಿದ್ದು ಹೆಂಗೆ ಅಂತ ನಿಮಗೂ ಗೊತ್ತು, ಎ ಸೆಕ್ಷನ್ನು ಬಿ ಸೆಕ್ಷನ್ನು, ರ‍್ಯಾಂಕ್ ಲಿಸ್ಟು, ಎರಡನೇದು ಅಂದ ತಕ್ಷಣ ಮನೇಲಿ ಎಲ್ಲರ ಮುಖ ಸಣ್ಣಗಾಗತ್ತೆ. ಇಲ್ಲಿ ಹಂಗಲ್ಲ. ಲೋಕಲ್ ಕ್ಲಬ್ಬಲ್ಲಿ ಶನಿವಾರ ಹನ್ನೆರಡರ ಸುಮಾರಿಗೆ ರಿಸರ್ವ್ಸ್ ಮ್ಯಾಚು, ಅದೇ ಗ್ರೌಂಡಲ್ಲಿ ಎರಡು ಗಂಟೆಗೆ ಸೀನಿಯರ್ಸು. ರಿಸರ್ವ್ಸಲ್ಲಿ ಯಾರ್ಯಾರು ಇರ್ತಾರೆ ಅಂದ್ರೆ, ನಿಮ್ಮ ಮಗನ ತರ ಮೀಸೆ ಬರ್ತಿರೋ ಹುಡುಗರು, ಮಂಡಿ ಆಪರೇಷನ್ ಆಗಿ ವಾಪಸ್ ಬಂದೋರು, ಹೊಟ್ಟೆ ಬಂದಿರೋ ನಲ್ವತ್ತರ ಪ್ಲಂಬರ್, ಹಿಂದೆ ಸೀನಿಯರ್ಸ್ ಕ್ಯಾಪ್ಟನ್ ಆಗಿದ್ದೋನು ಈಗ ಮಕ್ಕಳಾಗಿ ಪ್ರಾಕ್ಟೀಸಿಗೆ ಬರಕ್ಕಾಗದೇ ಇರೋನು. ಆ ಹಳಬರು ಗ್ರೌಂಡಲ್ಲಿ ನಿಮ್ಮ ಮಗನಿಗೆ ಎಲ್ಲಿ ನಿಲ್ಬೇಕು, ಯಾವಾಗ ಓಡ್ಬೇಕು ಅಂತ ಕೂಗಿ ಕೂಗಿ ಹೇಳ್ತಾರೆ ನೋಡಿ, ಅದನ್ನ ಯಾವ ಕೋಚಿಂಗ್ ಕ್ಲಾಸೂ ಹೇಳ್ಕೊಡಲ್ಲ. ಇಲ್ಲಿನ ಮಕ್ಕಳು ಐದನೇ ವರ್ಷಕ್ಕೇ ಆಸ್‌ಕಿಕ್ ಅನ್ನೋ ಚಿಕ್ಕಮಕ್ಕಳ ಫೂಟಿ ಕ್ಲಾಸಿಗೆ ಹೋಗಿ ಆ ಮೊಟ್ಟೆಯಾಕಾರದ ಚೆಂಡು ಕಾಲಿಂದ ಬಿಡೋದು ಕಲಿತಿರ್ತಾರೆ, ನಿಮ್ಮೋನು 17ಕ್ಕೆ ಶುರು ಮಾಡಿದಾನೆ. ಒಂದೇ ಸೀಸನ್ನಲ್ಲಿ ದೊಡ್ಡೋರ ಜೊತೆ ರಿಸರ್ವ್ಸ್ ಆಡಿಸ್ತಿದಾರೆ ಅಂದ್ರೆ ಏನೋ ಕಂಡಿದಾರೆ. ಕೋಚ್ ಹತ್ರ ಹೋಗಿ ಜಗಳ ಮಾತ್ರ ಮಾಡ್ಬೇಡಿ ಮಾರಾಯ್ರೆ.

ಕ್ಲಬ್ ಬದಲಾಯಿಸೋದೂ ಈಗಲೇ ಬೇಡ. ಪ್ರತಿ ಟೀಮಿಗೂ ಪ್ಲೇಯರ್ ಪಾಯಿಂಟ್ಸ್ ಅಂತ ಲೆಕ್ಕ ಇದೆ, ಒಟ್ಟು ಇಷ್ಟು ದಾಟಬಾರ್ದು ಅಂತ, ಅಲ್ಲೇ ಬೆಳೆದ ಹುಡುಗನಿಗೆ 1 ಪಾಯಿಂಟು, ಹೊರಗಿಂದ ಬಂದೋರಿಗೆ ಜಾಸ್ತಿ. ದುಡ್ಡಿರೋ ಕ್ಲಬ್ಬು ಊರೆಲ್ಲಾ ಆಟಗಾರರನ್ನ ಕೊಂಡ್ಕೊಂಡು ಗೆಲ್ಬಾರ್ದು ಅಂತ ಮಾಡಿರೋ ನಿಯಮ. ಅಂದ್ರೆ ತನ್ನ ಹುಡುಗನ್ನ ತಾನೇ ತಯಾರು ಮಾಡಿದ್ರೆ ಕ್ಲಬ್ಬಿಗೇ ಲಾಭ, ರಿಸರ್ವ್ಸನ್ನ ಇಷ್ಟು ಮುತುವರ್ಜಿಯಿಂದ ನಡ್ಸೋದಕ್ಕೆ ಇದೂ ಒಂದು ಕಾರಣ.

ನಾವು ಬಂದಿದ್ದು 2005ರ ಜೂನಲ್ಲಿ, ತುಮಕೂರಿಂದ ನೇರ ಫುಟ್ಸ್‌ಕ್ರೇಗೆ, ಚಳಿಗೆ ಹೊರಗೆ ಕಾಲಿಡಕ್ಕೇ ಆಗ್ತಿರ್ಲಿಲ್ಲ. ಶನಿವಾರ ಟ್ರೈನಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲಾ ಕೆಂಪು ಬಿಳಿ ನೀಲಿ ಸ್ಕಾರ್ಫ್ ಸುತ್ಕೊಂಡು ಕೂತಿರೋರು, ಯಾವ್ದೋ ಪಾರ್ಟಿ ರ‍್ಯಾಲಿ ಅಂದ್ಕೊಂಡಿದ್ದೆ. ವೆಸ್ಟರ್ನ್ ಬುಲ್‌ಡಾಗ್ಸ್ ಅನ್ನೋ ಎಎಫ್‌ಎಲ್ ಕ್ಲಬ್ಬಿನ ಅಭಿಮಾನಿಗಳು ಅವ್ರು. ಆ ಕ್ಲಬ್ಬಿನ ಗ್ರೌಂಡು ವಿಟ್ಟನ್ ಓವಲ್ ನಮ್ಮನೆಗೆ ನಡೆಯೋ ದೂರ, ಆಗ ಅಲ್ಲಿ ಎಎಫ್‌ಎಲ್ ಮ್ಯಾಚ್ ನಿಂತು ವರ್ಷಗಳಾಗಿತ್ತು, ಪ್ರಾಕ್ಟೀಸ್ ಮಾತ್ರ, ಮೂರು ವರ್ಷದ ಮಗನ್ನ ಪ್ರ್ಯಾಮಲ್ಲಿ ಕೂರಿಸ್ಕೊಂಡು ಹೋಗಿ ಬೇಲಿ ಹತ್ರ ನಿಂತು ನೋಡ್ತಿದ್ವಿ, ಬಿಟ್ಟಿ ಟೈಂಪಾಸ್. ಅವನಿಗೆ ಹುಚ್ಚು ಹಿಡಿದಿದ್ದು ಅಲ್ಲೇ.

ಎಎಫ್‌ಎಲ್ ಮಟ್ಟದಲ್ಲಿ ರಿಸರ್ವ್ಸ್ ಬೇರೆ ಕಥೆ, ನೀವು ಕೇಳಿದ್ದೂ ಅದನ್ನೇ. ಒಂದು ಎಎಫ್‌ಎಲ್ ಕ್ಲಬ್ಬಿನ ಲಿಸ್ಟಲ್ಲಿ 40ರ ಆಸುಪಾಸು ಆಟಗಾರರು ಇರ್ತಾರೆ, ವಾರಕ್ಕೆ ಮ್ಯಾಚಿಗೆ ಇಳಿಯೋರು 23, ಗಾಯ ಆದೋರನ್ನ ಕಳೀರಿ, ಉಳಿದ ಹತ್ತು ಹನ್ನೆರಡು ಜನಕ್ಕೆ ಆಟ ಬೇಕಲ್ಲ. 1999ರ ತನಕ ಎಎಫ್‌ಎಲ್‌ಗೇ ಪ್ರತ್ಯೇಕ ರಿಸರ್ವ್ಸ್ ಲೀಗ್ ಇತ್ತು. ಅದನ್ನ ನಿಲ್ಲಿಸಿದ್ಮೇಲೆ ಮೆಲ್ಬರ್ನಿನ ಹೆಚ್ಚಿನ ಕ್ಲಬ್ಬುಗಳು ವಿಎಫ್‌ಎಲ್‌ನ ಹಳೇ ಕ್ಲಬ್ಬುಗಳ ಜೊತೆ ಒಪ್ಪಂದ ಮಾಡ್ಕೊಂಡ್ವು, ಹಾಥಾರ್ನ್‌ಗೆ ಬಾಕ್ಸ್ ಹಿಲ್, ಬುಲ್‌ಡಾಗ್ಸ್‌ಗೆ ಮೊದಲು ವೆರಿಬೀ, 2008ರಿಂದ ವಿಲಿಯಮ್ಸ್‌ಟೌನ್. ಗೀಲಾಂಗ್ ಒಂದು ಮಾತ್ರ ಶುರುವಿಂದ್ಲೂ ತನ್ನದೇ ಟೀಮ್ ಇಟ್ಕೊಂಡಿತ್ತು, ಆಮೇಲೆ ಕಾಲಿಂಗ್‌ವುಡ್ 2008ರಲ್ಲಿ, ಎಸೆಂಡನ್ 2013ರಲ್ಲಿ, ರಿಚ್ಮಂಡ್ ಮತ್ತೆ ಬುಲ್‌ಡಾಗ್ಸ್ 2014ರಲ್ಲಿ, ಕಾರ್ಲ್ಟನ್ 2021ರಲ್ಲಿ ಅದೇ ದಾರಿ ಹಿಡಿದ್ವು. ಹಾಥಾರ್ನ್ ಬಾಕ್ಸ್ ಹಿಲ್ ಒಪ್ಪಂದ ಇವತ್ತಿಗೂ ನಡೀತಿದೆ.

ಒಪ್ಪಂದ ಯಾಕೆ ಬಿಟ್ರು ಅಂದ್ರೆ, ಎರಡು ಮನೆ ಯಜಮಾನಿಕೆ ಕಷ್ಟ. ವಿಎಫ್‌ಎಲ್ ಕ್ಲಬ್ಬಿಗೆ ತನ್ನ ಊರಿನ ಜನಕ್ಕೆ ಕಪ್ ಗೆದ್ದು ತೋರಿಸ್ಬೇಕು, ಎಎಫ್‌ಎಲ್ ಕ್ಲಬ್ಬಿಗೆ ಕಪ್ಪಿಗಿಂತ ಮುಖ್ಯ ಆ 19 ವರ್ಷದ ಹುಡುಗ ಡಿಫೆನ್ಸಲ್ಲಿ ನಾಲ್ಕು ಕ್ವಾರ್ಟರ್ ನಿಂತ್ಕೋಬೇಕು, ಗೋಲ್ ಬಿಟ್ರೂ ಪರವಾಗಿಲ್ಲ. ಇನ್ನೊಬ್ಬ ಹ್ಯಾಮ್‌ಸ್ಟ್ರಿಂಗ್ ಹೋಗಿ ವಾಪಸ್ ಬಂದಿರ್ತಾನೆ, ಅವನು ಅರ್ಧ ಮ್ಯಾಚ್ ಮಾತ್ರ ಆಡ್ಬೇಕು ಅಂತ ಫಿಸಿಯೋ ಬರೆದು ಕಳಿಸಿರ್ತಾರೆ, ಮ್ಯಾಚ್ ಟೈಟ್ ಇದ್ರೂ ಅವನನ್ನ ಹೊರಗೆ ಕೂರಿಸ್ಲೇಬೇಕು. ತನ್ನದೇ ಟೀಮ್ ಆದ್ರೆ ಮೇಲೂ ಕೆಳಗೂ ಒಂದೇ ಗೇಮ್ ಪ್ಲಾನು, ಒಬ್ಬ ಬಿದ್ರೆ ಇನ್ನೊಬ್ಬ ಅದೇ ಜಾಗಕ್ಕೆ ಬಂದು ನಿಲ್ತಾನೆ. ಕೋಚ್‌ಗಳೂ ಅಲ್ಲೇ ತಯಾರಾಗ್ತಾರೆ, ಹಾಥಾರ್ನ್ ಕೋಚ್ ಸ್ಯಾಮ್ ಮಿಚೆಲ್ 2021ರಲ್ಲಿ ಬಾಕ್ಸ್ ಹಿಲ್‌ಗೆ ಕೋಚ್ ಆಗಿ ಆಮೇಲೆ ಮೇಲಕ್ಕೆ ಹೋದ್ರು, ಆಟಗಾರ ಆಗಿದ್ದಾಗ್ಲೂ ಅಲ್ಲಿಂದ್ಲೇ ಬಂದೋರು. ಬುಲ್‌ಡಾಗ್ಸ್ ವಿಟ್ಟನ್ ಓವಲಲ್ಲಿ ಫುಟ್ಸ್‌ಕ್ರೇ ಅನ್ನೋ ಹಳೇ ಹೆಸರಲ್ಲಿ ರಿಸರ್ವ್ಸ್ ಶುರು ಮಾಡಿ ಮೊದಲನೇ ವರ್ಷವೇ, 2014ರಲ್ಲಿ, ವಿಎಫ್‌ಎಲ್ ಗೆದ್ರು. 2016ರಲ್ಲಂತೂ ಕೆಳಗಿನ ಟೀಮೂ ಗೆಲ್ತು, ಮೇಲಿನದೂ 1954 ಆದ್ಮೇಲೆ ಮೊದಲ ಸಲ ಫ್ಲ್ಯಾಗ್, ಅಂದ್ರೆ ಎಎಫ್‌ಎಲ್ ಕಪ್, ಗೆಲ್ತು. ಅವತ್ತು ಫುಟ್ಸ್‌ಕ್ರೇ ಬೀದೀಲಿ ನಾನು ಸೀರೆ ಮೇಲೆ ಸ್ಕಾರ್ಫ್ ಹಾಕ್ಕೊಂಡು ಕುಣಿದಿದ್ದೀನಿ, ಫೋಟೋ ಇದೆ, ತೋರಿಸಲ್ಲ.

ಇದೆಲ್ಲ ಕೇಳಕ್ಕೆ ಚೆನ್ನಾಗಿದೆ. ಈಗ ಹೇಳೋದನ್ನ ಸ್ವಲ್ಪ ಗಮನ ಇಟ್ಟು ಓದಿ.

ವಿಎಫ್‌ಎಲ್ ಟೀಮಲ್ಲಿ ಎರಡು ತರ ಹುಡುಗರಿರ್ತಾರೆ. ಎಎಫ್‌ಎಲ್ ಲಿಸ್ಟಲ್ಲಿ ಇರೋರು, ಅವರಿಗೆ ಅದೇ ಕೆಲಸ, ಅದೇ ಸಂಬಳ. ಇನ್ನೊಬ್ರು ವಿಎಫ್‌ಎಲ್ ಲಿಸ್ಟಿನೋರು, ಹಗಲು ಎಲೆಕ್ಟ್ರಿಷಿಯನ್ನೋ ಟೀಚರ್ರೋ ಆಗಿದ್ದು ಸಂಜೆ ಪ್ರಾಕ್ಟೀಸಿಗೆ ಓಡೋರು, ಸಿಗೋ ದುಡ್ಡಲ್ಲಿ ಬಾಡಿಗೆ ಕಟ್ಟಕ್ಕಾಗಲ್ಲ. ಜಾಗ ಮೊದಲು ಎಎಫ್‌ಎಲ್ ಲಿಸ್ಟಿನೋರಿಗೆ, ಮಿಕ್ಕಿದ್ದು ಇವರಿಗೆ. ನನ್ನ ಮಗನಿಗೆ 18 ತುಂಬಿದ 2020ರಲ್ಲಿ ಕೋವಿಡ್, ಅಂಡರ್ 18 ಲೀಗೂ ಇಲ್ಲ ವಿಎಫ್‌ಎಲೂ ಇಲ್ಲ ಲೋಕಲ್ಲೂ ಇಲ್ಲ, ಡ್ರಾಫ್ಟಿಗೆ, ಅಂದ್ರೆ ಎಎಫ್‌ಎಲ್ ಕ್ಲಬ್ಬುಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋದಕ್ಕೆ, ಆಯ್ಕೆಗಾರರ ಕಣ್ಣಿಗೆ ಬೀಳೋ ಮುಖ್ಯ ವರ್ಷವೇ ಹೋಯ್ತು. ಆದ್ರೂ ಬಿಡ್ಲಿಲ್ಲ ಅವನು, ಲೋಕಲ್ ರಿಸರ್ವ್ಸ್, ಸೀನಿಯರ್ಸ್, ಬೇಸಿಗೆಲಿ ಟ್ರಯಲ್, ಕೊನೆಗೆ ಒಂದು ಎಎಫ್‌ಎಲ್ ಕ್ಲಬ್ಬಿನ ರಿಸರ್ವ್ಸಲ್ಲಿ ವಿಎಫ್‌ಎಲ್ ಆಟಗಾರ ಅಂತ ಸೇರಿಸ್ಕೊಂಡ್ರು. ತುಮಕೂರಿನ ಹುಡುಗನಿಗೆ ಗೆರೆ ಗೆರೆ ಗಂಜಿಫ್ರಾಕು ಕೊಟ್ರು ಅಂತ ನಮ್ಮತ್ತೆ ಬೀದಿಗೆಲ್ಲಾ ಹೇಳ್ಕೊಂಡ್ ಬಂದ್ರು, ಜೆರ್ಸಿಗೆ ಅವರು ಹೇಳೋದು ಹಂಗೆ.

ಒಂದು ಶನಿವಾರ ತುಂಬಾ ಚೆನ್ನಾಗಿ ಆಡಿದ, ಕೋಚ್ ಎಲ್ಲರ ಮುಂದೆ ಹೆಸರು ಹೇಳಿದ್ರು. ಮುಂದಿನ ವಾರದ ಮ್ಯಾಚ್ ಆನ್‌ಲೈನಲ್ಲಿ ಬರತ್ತೆ ಅಂತ ತುಮಕೂರಲ್ಲಿ ನಮ್ಮಪ್ಪ ಪಕ್ಕದ್ಮನೆ ಹುಡುಗನ್ನ ಕರ್ಸಿ ಟಿವಿಗೆ ಅದೇನೋ ಜೋಡಿಸ್ಕೊಂಡು ಕೂತಿದ್ರು, ಇಲ್ಲಿ ಮಧ್ಯಾಹ್ನ ಹನ್ನೆರಡು ಅಂದ್ರೆ ಅಲ್ಲಿ ಬೆಳಿಗ್ಗೆ ಏಳೂವರೆ, ಸ್ನಾನ ಪೂಜೆ ಮುಗಿಸಿ ರೆಡಿ ಇರ್ತೀನಿ ಅಂದಿದ್ರು. ಗುರುವಾರ ರಾತ್ರಿ ಟೀಮ್ ಬಂತು, ಇವನ ಹೆಸರಿಲ್ಲ. ಏನ್ ತಪ್ಪು ಮಾಡಿದ ಅಂತ ಕೇಳ್ತೀರ, ಏನೂ ಇಲ್ಲ. ಮೇಲಿನ ಟೀಮಿಂದ ಇಬ್ಬರನ್ನ ಡ್ರಾಪ್ ಮಾಡಿದ್ರು, ಇನ್ನೊಬ್ಬನ ಪಾದದ ಗಾಯ ವಾಸಿಯಾಗಿತ್ತು, ಮೂರು ಜನ ಕೆಳಗಿಳಿದ್ರೆ ಕೆಳಗಿದ್ದ ಮೂರು ಜನ ಹೊರಗೆ. ಅಷ್ಟೇ ಲೆಕ್ಕ. ಆ ಶನಿವಾರ ವಾಪಸ್ ಲೋಕಲ್ ಕ್ಲಬ್ಬಿಗೆ ಹೋಗಿ ಆಡಿದ. ಅಪ್ಪನಿಗೆ ಫೋನಲ್ಲಿ ನಾನು ಬಿಡಿಸಿ ಬಿಡಿಸಿ ಹೇಳಿದೆ, ಅವರು ಕೇಳಿದ್ದು ಒಂದೇ, "ಚೆನ್ನಾಗ್ ಆಡಿದ್ ಹುಡುಗನ್ನ ಯಾಕಮ್ಮ ತೆಗೆದ್ರು?" ಬೆಂಗಳೂರಿನ ಕೆಎಸ್‌ಸಿಎ ಲೀಗ್ ಕ್ರಿಕೆಟ್ಟಲ್ಲಿ ಅಂಪೈರಿಂಗ್ ಮಾಡಿದ್ದೋರು ಅವರು, ಆಟ ಗೊತ್ತಿರೋ ಮನುಷ್ಯ, ಅವರಿಗೇ ಅರ್ಥ ಆಗ್ಲಿಲ್ಲ. ನನಗೂ ಬುದ್ಧಿಗೆ ಅರ್ಥ ಆಗಿದೆ, ಹೊಟ್ಟೆಗೆ ಇನ್ನೂ ಇಳಿದಿಲ್ಲ. ಸೀಸನ್ ಪೂರ್ತಿ ಹಿಂಗೇ, ನಮ್ಮನೇಲಿ ಗುರುವಾರ ರಾತ್ರಿ ಯಾರದೋ ಮಕ್ಕಳ ತೊಡೆ ನೋವು ಮಂಡಿ ನೋವಿನ ಸುದ್ದಿ ಓದ್ಕೊಂಡು ಕೂರೋದು, ಅವರಿಗೆ ವಾಸಿಯಾಗ್ಲಿ ಅಂತ ಬೇಡ್ಕೋಬೇಕೋ ಬೇಡವೋ ಅಂತ, ಎಂಥಾ ಪಾಪದ ಯೋಚನೆ ನೋಡಿ. ಸ್ಪ್ರಿಂಗಲ್ಲಿ ಕ್ಲಬ್ಬಿನೋರು ಅವನನ್ನ ಕೂರಿಸ್ಕೊಂಡು ತುಂಬಾ ಮರ್ಯಾದೆಯಿಂದ ಮಾತಾಡಿ ಮುಂದಿನ ವರ್ಷ ಬೇಡ ಅಂದ್ರು. ಮುಂದಿನ ಯುಗಾದಿ ಹೊತ್ತಿಗೆ ಅಪ್ಪ ಹೋಗ್ಬಿಟ್ರು, ಮೊಮ್ಮಗ ಆಡಿದ್ದು ಒಂದು ಮ್ಯಾಚೂ ನೋಡ್ಲಿಲ್ಲ.

ಹುಡುಗ ಆರಾಮಾಗಿದಾನೆ, ಲೋಕಲ್ ಸೀನಿಯರ್ಸ್ ಆಡ್ತಾನೆ, ಕೆಲಸ ಇದೆ, ಅವನ ಫ್ರೆಂಡ್ಸ್ ಎಲ್ಲಾ ಅಲ್ಲೇ. ನಾನೇ ಇನ್ನೂ ಲಿಸ್ಟ್ ನೋಡೋದು ಬಿಟ್ಟಿಲ್ಲ.

ಹಂಗಂತ ಬಾಗಿಲು ಮುಚ್ಚಿದೆ ಅಂತ ಹೇಳ್ತಿಲ್ಲ. ಟಾಮ್ ಸ್ಟೂವರ್ಟ್ ಅಂತ, ಗೀಲಾಂಗ್ ರಿಸರ್ವ್ಸಲ್ಲಿ ವಿಎಫ್‌ಎಲ್ ಆಟಗಾರ ಆಗಿದ್ದ ಬಡಗಿ, 2016ರ ಡ್ರಾಫ್ಟಲ್ಲಿ 23ನೇ ವಯಸ್ಸಿಗೆ ತಗೊಂಡ್ರು, ಈಗ ದೇಶದ ಒಳ್ಳೇ ಡಿಫೆಂಡರ್‌ಗಳಲ್ಲಿ ಒಬ್ಬ. ಮಾರ್ಲಿಯನ್ ಪಿಕೆಟ್‌ನ ರಿಚ್ಮಂಡ್ 2019ರ ಮಿಡ್‌ಸೀಸನ್ ಡ್ರಾಫ್ಟಲ್ಲಿ ತಗೊಂಡಿತ್ತು, ವಿಎಫ್‌ಎಲ್ ಗ್ರ್ಯಾಂಡ್ ಫೈನಲಲ್ಲಿ ಬೆಸ್ಟ್ ಆಟಗಾರ, ಅದರ ಮುಂದಿನ ವಾರವೇ ಎಎಫ್‌ಎಲ್ ಗ್ರ್ಯಾಂಡ್ ಫೈನಲಲ್ಲಿ ಡೆಬ್ಯೂ, ಅದನ್ನೂ ಗೆದ್ದ. ನಿಮ್ಮ ಮಗ ಬ್ಯಾಸ್ಕೆಟ್‌ಬಾಲ್ ಅಂದ್ರಲ್ಲ, ಕಾಲಿಂಗ್‌ವುಡ್‌ಗೆ 2025ರ ತನಕ ಆಡಿದ ಮೇಸನ್ ಕಾಕ್ಸ್ ಕೂಡ ಅಮೆರಿಕದ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡ್ತಿದ್ದೋನೇ, 2014ರಲ್ಲಿ ಸೇರಿ ರಿಸರ್ವ್ಸಲ್ಲಿ ಚೆಂಡು ಹಿಡಿಯೋದು ಒದೆಯೋದು ಕಲಿತು 2016ರ ಆ್ಯನ್‌ಜ್ಯಾಕ್ ಡೇ (ಏಪ್ರಿಲ್ 25, ಯೋಧರ ಸ್ಮರಣೆ ದಿನ) ಮ್ಯಾಚಿಗೆ ಮೇಲಕ್ಕೆ ಬಂದ. ಆದ್ರೆ ಅವನು 211 ಸೆಂಟಿಮೀಟರ್. ನಿಮ್ಮೋನು ಆರಡಿ ನಾಲ್ಕಿಂಚು ಅಂದ್ರೆ ದಾವಣಗೆರೇಲಿ ಬಾಗಿಲಿಗೆ ತಲೆ ತಾಗತ್ತೆ, ಇಲ್ಲಿ ರಕ್ ಆಡೋರ, ಅಂದ್ರೆ ಮೇಲಕ್ಕೆ ಹಾರಿ ಚೆಂಡು ತಟ್ಟೋ ಎತ್ತರದೋರ, ಪಕ್ಕ ನಿಲ್ಸಿದ್ರೆ ತಮ್ಮನ ತರ ಕಾಣ್ತಾನೆ. ಅದಕ್ಕೇ ಕಿಕ್ ಮಾಡೋದು ಕಲೀಲಿ ಮೊದಲು, ಎರಡೂ ಕಾಲಲ್ಲಿ.

ಅಪ್ಪ ಅಮ್ಮ ಏಷ್ಯಾದಲ್ಲಿ ಹುಟ್ಟಿದೋರಾಗಿದ್ರೆ ಎಎಫ್‌ಎಲ್ ಕ್ಲಬ್ಬುಗಳ ನೆಕ್ಸ್ಟ್ ಜನರೇಷನ್ ಅಕಾಡೆಮಿಗೆ ಮಕ್ಕಳನ್ನ ತಗೋತಾರೆ, 2016ರಿಂದ ಇದೆ. ವಯಸ್ಸು ಮತ್ತೆ ಏರಿಯಾದ ನಿಯಮಗಳಿವೆ, 17ಕ್ಕೆ ತಡ ಆಗಿರ್ಬಹುದು, ಚಿಕ್ಕ ಮಗಳಿದಾಳೆ ಅಂದ್ರಲ್ಲ, ಅವಳ ಬಗ್ಗೆನೂ ಕೇಳಿ, ಹುಡುಗೀರಿಗೂ ಇದೆ. ಇನ್ನೊಂದು, ನಿಮ್ಮ ಹತ್ರದ ವೆರಿಬೀ 2018ರಿಂದ ಯಾವ ಎಎಫ್‌ಎಲ್ ಕ್ಲಬ್ಬಿಗೂ ಸೇರಿಲ್ಲ, ಒಂಟಿಯಾಗೇ ಆಡಿ 2024ರಲ್ಲಿ ವಿಎಫ್‌ಎಲ್ ಗೆದ್ದಿದೆ. ಮುಂದೆ ಆ ಮಟ್ಟಕ್ಕೆ ಬಂದ್ರೆ ಅಂಥಾ ಕಡೆ ಪ್ರಯತ್ನ ಮಾಡ್ಲಿ, ಅಲ್ಲಿ ಮೇಲಿಂದ ಯಾರೂ ಇಳಿದು ಬರಲ್ಲ. ನನ್ನ ಮಗನಿಗೆ ಇದನ್ನ ಹೇಳೋರು ಯಾರೂ ಇರ್ಲಿಲ್ಲ.

ತಲೆಗೆ ಪೆಟ್ಟಾದ್ರೆ ಕನಿಷ್ಠ 21 ದಿನ ಮ್ಯಾಚಿಲ್ಲ, ಅವನು ಎಷ್ಟು ಗೋಗರೆದ್ರೂ ಬಿಡ್ಬೇಡಿ. ಮೌತ್‌ಗಾರ್ಡ್ ಡೆಂಟಿಸ್ಟ್ ಹತ್ರ ಅಳತೆ ಕೊಟ್ಟು ಮಾಡಿಸಿ, ಕೆಮಾರ್ಟ್ ಅಂಗಡೀದು ಬೇಡ. ನೀವು ಸುಮ್ನೆ ಕಾರಲ್ಲಿ ಕೂತು ನೋಡ್ಬೇಡಿ, ನಮ್ಮೋರೆಲ್ಲಾ ಅದೇ ಮಾಡೋದು. ಮಕ್ಕಳ ಜೊತೆ ಕೆಲಸ ಮಾಡೋರಿಗೆ ಅಂತಿರೋ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಮಾಡಿಸ್ಕೊಳಿ, ವಾಲಂಟಿಯರ್‌ಗೆ ಫ್ರೀ, ಗೋಲ್ ಅಂಪೈರ್ ಆಗಿ ಬಾವುಟ ಬೀಸಿ ಇಲ್ಲಾ ಕ್ಯಾಂಟೀನಲ್ಲಿ ನಿಲ್ಲಿ. ಗುರುವಾರ ಪ್ರಾಕ್ಟೀಸ್ ಆದ್ಮೇಲೆ ಕ್ಲಬ್ಬಲ್ಲಿ ಊಟ ಇರತ್ತೆ, ಟೀಮ್ ಓದೋದೂ ಆಗ್ಲೇ, ಮನೆಯವರನ್ನೂ ಕರ್ಕೊಂಡು ಹೋಗಿ. ವೆಜ್ ಅಂತ ಬುಧವಾರವೇ ಮೆಸೇಜ್ ಹಾಕಿ, ಇಲ್ದಿದ್ರೆ ಚಿಪ್ಸೂ ಸಲಾಡೇ ಗತಿ.