ದಪ್ಪ 240 ಹಾಕಲಾ, ತೆಳು 360 ಹಾಕಲಾ?

ಪ್ರಶ್ನೆ: ಡೊಂಬಿವಲಿಯಿಂದ ಬರೆಯುತ್ತಿದ್ದೇನೆ ಸರ್. ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡ್ ಇದೆ. ಎರಡನ್ನೂ ಸೇರಿಸಿ ಕಸ್ಟಮ್ ವಾಟರ್ ಕೂಲಿಂಗ್ ಲೂಪ್ (ಪಂಪ್‌ನಿಂದ ನೀರು ಸುತ್ತಿಸಿ ಬಿಸಿ ತೆಗೆಯುವ ವ್ಯವಸ್ಥೆ) ಮಾಡಬೇಕೆಂದು ಆಸೆ. ನೀರಿನ ಬಿಸಿಯನ್ನು ಗಾಳಿಗೆ ಬಿಡಲು 60 ಮಿ.ಮೀ. ದಪ್ಪದ 240 (ಎರಡು 120 ಮಿ.ಮೀ. ಫ್ಯಾನಿನ ಉದ್ದದ) ರೇಡಿಯೇಟರ್ ಒಂದು ಸಾಕಾ, 30 ಮಿ.ಮೀ.ನ 360 (ಮೂರು ಫ್ಯಾನಿನದು) ತಗೊಳ್ಳಲಾ? ಗೆಳೆಯನ ಹತ್ತಿರ ಪಂಪ್ ಹೋದ ಎಐಒ ಕೂಲರ್ (ಪಂಪ್, ರೇಡಿಯೇಟರ್ ಎಲ್ಲ ಸೇರಿಸಿಯೇ ಬರುವ ರೆಡಿಮೇಡ್ ವಾಟರ್ ಕೂಲರ್) ಇದೆ, ಅದರ ರೇಡಿಯೇಟರನ್ನೂ ಜೋಡಿಸಬಹುದಾ? ರೂಮಿಗೆ ಎಸಿ ಇಲ್ಲ.

ಉತ್ತರ: ಎಸಿ ಇಲ್ಲ ಅನ್ನುವುದನ್ನು ಕೊನೆಗೆ ಬರೆದಿದ್ದೀರಿ, ಲೆಕ್ಕ ಶುರುವಾಗುವುದೇ ಅಲ್ಲಿಂದ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ನೀರು ರೂಮಿನ ಗಾಳಿಗಿಂತ ತಣ್ಣಗಾಗುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ರೂಮು 34 ಡಿಗ್ರಿ ಇದ್ದರೆ, ಗೇಮ್ ಆಡುವಾಗ ನೀರು 44ರ ಆಸುಪಾಸು ಇರುತ್ತದೆ. ಅದೂ ಲೂಪ್ ಚೆನ್ನಾಗಿದ್ದರೆ. ಸುಮ್ನೆ ತಂಪಿನ ಆಸೆಗೆ ದುಡ್ಡು ಹಾಕಬೇಡಿ. ನಮ್ಮ ಊರಲ್ಲಿ ಇದನ್ನು ಮಾಡುವುದು ಮುಖ್ಯವಾಗಿ ಫ್ಯಾನಿನ ಸದ್ದು ಇಳಿಸುವುದಕ್ಕೆ, ಸದ್ದು ಇಳಿಸುವುದು ರೇಡಿಯೇಟರಿನ ವಿಸ್ತಾರ.

4080 ಪೂರ್ತಿ ದುಡಿದರೆ 320 ವ್ಯಾಟ್. ಪ್ರೊಸೆಸರಿನ ಟಿಡಿಪಿ (ತಯಾರಕರು ಹೇಳುವ ಬಿಸಿಯ ಲೆಕ್ಕ) 120, ಗೇಮ್‌ನಲ್ಲಿ ಅದು ಅಷ್ಟೆಲ್ಲ ಎಳೆಯುವುದಿಲ್ಲ. ಸುಮಾರು 400 ಅಂತ ಇಟ್ಟುಕೊಳ್ಳಿ. ಒಂದು 120 ಮಿ.ಮೀ. ಫ್ಯಾನಿನಷ್ಟು ಜಾಗದ ರೇಡಿಯೇಟರ್, ಫ್ಯಾನ್ ಮಧ್ಯಮ ವೇಗದಲ್ಲಿದ್ದು ನೀರು ಗಾಳಿಗಿಂತ 10 ಡಿಗ್ರಿ ಜಾಸ್ತಿ ಇದ್ದಾಗ, ಅಂದಾಜು 100 ವ್ಯಾಟ್ ಹೊರಹಾಕುತ್ತದೆ. ಇದು ಕೈಲೆಕ್ಕ, ಆದರೂ ಕೊಳ್ಳುವುದಕ್ಕೆ ಮುಂಚೆ ಇಷ್ಟು ಸಾಕು. 240ಕ್ಕೆ 200, 360ಕ್ಕೆ 300. ದಪ್ಪ ಎರಡು ಪಟ್ಟಾದರೆ ಕೆಲಸವೂ ಎರಡು ಪಟ್ಟಾಗಬೇಕಲ್ವಾ ಅನ್ನಬೇಡಿ. ಮುಂದಿನ 30 ಮಿ.ಮೀ. ದಾಟುವಷ್ಟರಲ್ಲೇ ಬಿಸಿಯಾದ ಗಾಳಿ ಹಿಂದಿನ 30 ಮಿ.ಮೀ.ಗೆ ಏನು ತಂಪು ಕೊಟ್ಟೀತು? ಹಾಗಾಗಿ ಒಂದೇ ಹಾಕುವುದಾದರೆ ತೆಳು 360. ಆಗುವುದಾದರೆ ಮೇಲೊಂದು 360, ಮುಂದೊಂದು 240, ಎರಡೂ 30 ಮಿ.ಮೀ.ನವೇ. ನನ್ನ ಸಲಹೆ ಇದೇ.

ಫಿನ್‌ಗಳು (ರೇಡಿಯೇಟರಿನ ತೆಳು ಲೋಹದ ಪಟ್ಟಿಗಳು) ಎಷ್ಟು ಒತ್ತಾಗಿವೆ ಅಂತಲೂ ನೋಡಿ. ಇಂಚಿಗೆ ಎಷ್ಟು ಫಿನ್ ಅನ್ನುವುದನ್ನು ಎಫ್‌ಪಿಐ ಅಂತ ಬರೆದಿರುತ್ತಾರೆ. 10ರಿಂದ 16 ಇದ್ದರೆ ನಿಧಾನದ ಫ್ಯಾನ್‌ಗೂ ಗಾಳಿ ದಾಟುತ್ತದೆ. 20 ದಾಟಿದ ಮೇಲೆ ಫ್ಯಾನ್ ಜೋರಾಗಿ ಓಡಬೇಕು, ರಸ್ತೆ ಧೂಳೂ ಬೇಗ ಕಟ್ಟುತ್ತದೆ.

ಗೆಳೆಯನ ಎಐಒ ರೇಡಿಯೇಟರ್ ಬೇಡವೇ ಬೇಡ. ಆ ಬಗೆಯ ಕೂಲರ್‌ಗಳಲ್ಲಿ ರೇಡಿಯೇಟರ್ ಹೆಚ್ಚಾಗಿ ಅಲ್ಯೂಮಿನಿಯಂನದು. ಪ್ರೊಸೆಸರ್, ಕಾರ್ಡ್ ಮೇಲೆ ಕೂರಿಸಿ ಒಳಗೆ ನೀರು ಹರಿಸುವ ನಿಮ್ಮ ವಾಟರ್ ಬ್ಲಾಕ್‌ಗಳು ತಾಮ್ರದವು, ಮೇಲೆ ನಿಕಲ್ ಲೇಪ ಇದ್ದರೂ ಒಳಗೆ ತಾಮ್ರವೇ. ಒಂದೇ ನೀರಿನಲ್ಲಿ ಇವೆರಡೂ ಇದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಪುಕ್ಕಟೆ ಸಿಕ್ಕಿತು ಅಂತ ಹೀಗೆ ಜೋಡಿಸಿದ್ದ ಒಂದು ಲೂಪನ್ನು ನಾನೇ ಬಿಚ್ಚಿದ್ದೇನೆ. ಪ್ರೊಸೆಸರ್ ಬ್ಲಾಕ್ ತೆರೆದಾಗ ಕೂದಲೆಳೆಯಂಥ ಸಂದುಗಳ ತುಂಬಾ ಬಿಳಿ ಲೋಳೆಯಂಥ ಗಸಿ, ಹಳಸಿದ ಗಂಜಿಯ ಹಾಗೆ. ಹಲ್ಲುಜ್ಜುವ ಬ್ರಷ್ ಹಿಡಿದು ಅರ್ಧ ದಿನ ಕೂರಬೇಕಾಯಿತು. ರೇಡಿಯೇಟರ್ ತಾಮ್ರ ಇಲ್ಲವೇ ಹಿತ್ತಾಳೆಯದು ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ.

ಕೊಳ್ಳುವ ಮೊದಲು ಟೇಪ್ ಹಿಡಿದು ಕ್ಯಾಬಿನೆಟ್ ಅಳೆಯಿರಿ. 360 ಅಂದರೆ ಮೂರು ಫ್ಯಾನಿನ ಉದ್ದ ಅಷ್ಟೇ, ಎರಡು ತುದಿಯ ಟ್ಯಾಂಕ್ ಸೇರಿದರೆ ರೇಡಿಯೇಟರ್ ಸಾಮಾನ್ಯವಾಗಿ 390ರಿಂದ 400 ಮಿ.ಮೀ. ಆಗುತ್ತದೆ. ದಪ್ಪಕ್ಕೆ ಫ್ಯಾನಿನ 25 ಮಿ.ಮೀ. ಸೇರಿಸಿ. ಮೇಲ್ಭಾಗದಲ್ಲಿ ಕೂರಿಸುವಾಗ ಆ ಒಟ್ಟು 55 ಮಿ.ಮೀ. ದಪ್ಪದ ಕೆಳಗೇ ರ‍್ಯಾಮ್ ಎದ್ದು ನಿಂತಿರುತ್ತದೆ ಅನ್ನುವುದು ಎಷ್ಟೋ ಜನಕ್ಕೆ ಮನೆಗೆ ತಂದ ಮೇಲೆ ಹೊಳೆಯುತ್ತದೆ. ಅಂದ ಹಾಗೆ, ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗಳಿಗೆ ಹೋಗಿ ತರುವುದಾದರೆ ಸಂಜೆಯ ಜನ ತುಂಬಿದ ಫಾಸ್ಟ್ ಲೋಕಲ್ ರೈಲು ಹತ್ತಬೇಡಿ. ಠಾಣೆ ಬರುವಷ್ಟರಲ್ಲಿ ಫಿನ್‌ಗಳು ಹಪ್ಪಳ.

ಇನ್ನು ಸ್ಕ್ರೂ. ನಗಬೇಡಿ, ನನ್ನ ಮೊದಲ ರೇಡಿಯೇಟರ್ ಹಾಳಾಗಿದ್ದೇ ಸ್ಕ್ರೂನಿಂದ. ಡಬ್ಬಿಯಲ್ಲಿ ಬಂದಿದ್ದ 30 ಮಿ.ಮೀ. ಸ್ಕ್ರೂ ಕಳೆದುಹೋಗಿ, ಹಾರ್ಡ್‌ವೇರ್ ಅಂಗಡಿಯಿಂದ 35ರದ್ದು ತಂದು ತಿರುಗಿಸಿದೆ. ಕೊನೆಯ ಸುತ್ತಿನಲ್ಲಿ ಸ್ವಲ್ಪ ಬಿಗಿ ಅನ್ನಿಸಿತು, ಇನ್ನೊಂಚೂರು ಒತ್ತಿದೆ. ನೀರು ತುಂಬಿಸಿದಾಗ ಫ್ಯಾನಿನ ಮೂಲೆಯಿಂದ ಒಂದೊಂದೇ ಹನಿ. ಸ್ಕ್ರೂ ತುದಿ ಒಳಗಿನ ನೀರಿನ ಕೊಳವೆಯನ್ನೇ ತೂತು ಮಾಡಿತ್ತು. ಕೆಲವು ರೇಡಿಯೇಟರ್‌ಗಳಲ್ಲಿ ಸ್ಕ್ರೂ ತೂತಿನ ಕೆಳಗೆ ತಡೆಯುವ ತಗಡು ಇರುತ್ತದೆ, ಅದು ಇರುವುದನ್ನೇ ಆರಿಸಿ.

ಪಂಪ್‌ಗೆ ಡಿ5 ಅನ್ನುವ ಮಾದರಿ ತಗೊಂಡರೆ ಚಿಂತೆಯಿಲ್ಲ, ಎರಡು ರೇಡಿಯೇಟರ್ ಎರಡು ಬ್ಲಾಕ್ ಆರಾಮಾಗಿ ತಳ್ಳುತ್ತದೆ. ರಿಸರ್ವಾಯರ್ (ಲೂಪಿನ ನೀರಿನ ತೊಟ್ಟಿ) ಪಂಪ್‌ಗಿಂತ ಮೇಲಿರಲಿ, ನೀರಿಲ್ಲದೆ ಪಂಪ್ ಓಡಿಸಬೇಡಿ. ಟ್ಯೂಬ್ ಮೆತ್ತಗಿನದೇ ಇರಲಿ. ಒಳಗೆ 10, ಹೊರಗೆ 16 ಮಿ.ಮೀ. ಅಳತೆಯದು ಮಡಚಿಕೊಳ್ಳುವುದು ಕಡಿಮೆ, ಫಿಟ್ಟಿಂಗ್ ಕೂಡ ಅದೇ ಅಳತೆಯದಾಗಬೇಕು. ಫಿಟ್ಟಿಂಗಿನ ಇನ್ನೊಂದು ತುದಿಯ ತಿರುಪಿನ ಮರೆ ಎಲ್ಲ ಕಡೆ ಜಿ 1/4 ಅಳತೆಯದೇ ಇರುತ್ತದೆ, ಅಲ್ಲಿ ಗೊಂದಲವಿಲ್ಲ. ಪಾರದರ್ಶಕ ಟ್ಯೂಬ್ ನೋಡಲು ಚಂದ, ವರ್ಷದೊಳಗೆ ಮಂಜು ಹಿಡಿಯಬಹುದು. ಕಪ್ಪು ಇಪಿಡಿಎಂ ರಬ್ಬರ್ ಮಂಕಾಗಿ ಕಂಡರೂ ತಂಟೆ ಮಾಡುವುದಿಲ್ಲ.

ಲೂಪಿನಲ್ಲಿ ಯಾವುದರ ಮುಂದೆ ಯಾವುದು ಬರಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮಿಷಕ್ಕೆ 4 ಲೀಟರ್ ಓಡುತ್ತಿದ್ದರೆ 400 ವ್ಯಾಟ್ ಬಿಸಿಯೆಲ್ಲ ಸೇರಿದರೂ ಒಂದು ಸುತ್ತಿನಲ್ಲಿ ನೀರು ಏರುವುದು ಒಂದೂವರೆ ಡಿಗ್ರಿಯೊಳಗೆ. ಟ್ಯೂಬ್ ಎಲ್ಲಿ ಗಿಡ್ಡ ಆಗುತ್ತದೋ ಹಾಗೆ ಎಳೆಯಿರಿ. ತುಂಬಿಸಿದ ಮೇಲೆ ಬೋರ್ಡ್‌ಗೆ ಕರೆಂಟ್ ಕೊಡಬೇಡಿ. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರ್‌ಗೆ ಜಂಪರ್ (ಬೋರ್ಡ್ ಇಲ್ಲದೆಯೂ ಅದನ್ನು ಆನ್ ಮಾಡುವ ತುಂಡು) ಹಾಕಿ, ಉಳಿದ ವೈರ್ ಎಲ್ಲ ತೆಗೆದು, ಪಂಪ್ ಒಂದನ್ನೇ ರಾತ್ರಿಯಿಡೀ ಓಡಿಸಿ. ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಪೇಪರ್ ಸಿಕ್ಕಿಸಿಡಿ, ಒಂದು ಹನಿ ಬಿದ್ದರೂ ಕಲೆ ಕಾಣುತ್ತದೆ.

ಪ್ರಶ್ನೆ: ನಾನಿರುವುದು ಮಡಗಾಂವ್‌ನಲ್ಲಿ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ವಾಟರ್ ಕೂಲಿಂಗ್ ಹಾಕಿದರೆ ಟ್ಯೂಬ್ ಮೇಲೂ ನೀರು ಕಟ್ಟಿ ಬೋರ್ಡ್ ಸುಟ್ಟುಹೋಗುವುದಿಲ್ಲವೇ?

ಉತ್ತರ: ಇಲ್ಲ. ಐಸ್ ನೀರಿನ ಲೋಟ ಬೆವರುವುದು ಅದು ಗಾಳಿಗಿಂತ ತಣ್ಣಗಿರುವುದರಿಂದ. ನಿಮ್ಮ ಲೂಪಿನ ನೀರು ಯಾವಾಗಲೂ ರೂಮಿಗಿಂತ ಬೆಚ್ಚಗೇ ಇರುತ್ತದೆ. ನೀರನ್ನು ಫ್ರಿಜ್‌ನಂತೆ ತಣ್ಣಗೆ ಮಾಡುವ ಚಿಲ್ಲರ್ ಗಿಲ್ಲರ್ ಜೋಡಿಸಿದರೆ ಮಾತ್ರ ಆ ಭಯ. ನಿಮ್ಮ ಕಡೆ ನಿಜವಾದ ಕಾಟ ತೇವದಲ್ಲಿ ಅಂಟಿಕೊಳ್ಳುವ ಧೂಳು. ಮಳೆ ಮುಗಿದ ಮೇಲೆ ಒಮ್ಮೆ ಫ್ಯಾನ್ ಬಿಚ್ಚಿ, ಮೆತ್ತನೆಯ ಪೇಂಟ್ ಬ್ರಷ್‌ನಿಂದ ಫಿನ್ ಒರೆಸಿ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಿಂದ. ರೇಡಿಯೇಟರ್ ಹೊಸದು, ಇನ್ನೂ ಜೋಡಿಸಿಲ್ಲ. ಮನೆಯ ಆರ್‌ಒ ನೀರು ಹಾಕಿದರೆ ನಡೆಯುತ್ತದಾ? ಬಣ್ಣದ ಕೂಲಂಟ್ ದುಬಾರಿ.

ಉತ್ತರ: ಆರ್‌ಒ ನೀರು ಕುಡಿಯಲು. ಅದರಲ್ಲಿ ಲವಣ ಪೂರ್ತಿ ಹೋಗಿರುವುದಿಲ್ಲ, ರುಚಿಗೆಂದು ಎಷ್ಟೋ ಮೆಷಿನ್‌ಗಳು ಸ್ವಲ್ಪ ಲವಣ ಉಳಿಸಿಯೇ ಬಿಡುತ್ತವೆ. ಆರ್‌ಒ ರಿಪೇರಿಯವರು ಅದ್ದಿ ನೋಡುತ್ತಾರಲ್ಲ, ಆ ಟಿಡಿಎಸ್ ಮೀಟರ್ ಒಂದು ತಗೊಳ್ಳಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದು ಸೊನ್ನೆಯ ಹತ್ತಿರ ತೋರಿಸಬೇಕು. ಬ್ಯಾಟರಿ ನೀರಿನ ಕ್ಯಾನ್ ತಂದರೂ ಹೀಗೇ ಅದ್ದಿ ನೋಡಿ. ಲೂಪಿಗೆ ಡಿಸ್ಟಿಲ್ಡ್ ವಾಟರ್ ತುಂಬಿ, ಅದಕ್ಕೆ ಪಾಚಿ ಮತ್ತು ತುಕ್ಕು ತಡೆಯುವ ಸೇರ್ಪಡೆ ಹಾಕಿದರೆ ಸಾಕು, ಬಣ್ಣವಿಲ್ಲದ ರೆಡಿ ಕೂಲಂಟ್ ಆದರೂ ಸರಿ. ಹಾಲಿನಂತೆ ಗಟ್ಟಿ ಬಣ್ಣದ ಕೂಲಂಟ್‌ಗಳು ಫೋಟೋಕ್ಕೆ ಚಂದ, ಅವುಗಳ ಬಣ್ಣದ ಪುಡಿ ಬ್ಲಾಕಿನ ಸಂದಿನಲ್ಲಿ ಕೂರುತ್ತದೆ.

ನಿಮ್ಮದು ಹೊಸ ರೇಡಿಯೇಟರ್ ಆದ್ದರಿಂದ ಮೊದಲು ತೊಳೆಯಿರಿ. ಬೆಸುಗೆ ಹಾಕಿದ ಚೂರುಗಳು ಒಳಗೇ ಇರುತ್ತವೆ. ಬಿಸಿ ಮಾಡಿದ ಡಿಸ್ಟಿಲ್ಡ್ ವಾಟರ್ ಅರ್ಧ ತುಂಬಿ, ಎರಡೂ ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಹಳೇ ಬಿಳಿ ಪಂಚೆಯ ತುಂಡಿನ ಮೇಲೆ ಸುರಿಯಿರಿ. ಮೊದಲ ಸಲ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಬೀಳಬಹುದು. ಬಟ್ಟೆ ಬೆಳ್ಳಗೇ ಉಳಿಯುವ ತನಕ ಮಾಡಿ, ನನಗೆ ಕಳೆದ ಸಲ ಆರು ಸುತ್ತು ಬೇಕಾಯಿತು.