ಹಾಲು ಕುಡಿದ ಬಲವನ್ನೆಲ್ಲ ಹಾಕೋದು: ಕ್ಯಾಂಟನೀಸ್ ನುಡಿಗಟ್ಟು

ಹಾಂಗ್‌ಕಾಂಗ್‌ನಲ್ಲಿ ಜೊತೆಗೆ ಕೆಲಸ ಮಾಡುವವರು "ಛೊತ್ ಚೊನ್ ಸಿಕ್ ಲಾಯ್..." ಅಂದದ್ದು ಏನು, "ಹರಸಾಹಸಪಟ್ಟೆ" ಅನ್ನೋಕೆ ಅದನ್ನೇ ಬಳಸಬಹುದಾ ಅಂತ ಕೇಳಿದ್ದೀರಿ. ಪೂರ್ತಿ ರೂಪ ಇದು, ಪಕ್ಕದ ಅಂಕಿ ಟೋನ್‌ನದ್ದು (ಪದದ ಅರ್ಥ ಬದಲಿಸುವ ದನಿಯ ಏರಿಳಿತ):

ಛೊತ್1 ಚೊನ್6 ಸಿಕ್6 ನಾಯ್5 ಚಿ1 ಲಿಕ್6

ಕ್ರಮವಾಗಿ: ಹೊರಹಾಕು, ಪೂರ್ತಿ ಖಾಲಿ ಮಾಡು, ತಿನ್ನು, ಹಾಲು, "-ದ", ಬಲ. ಕೂಸು ಮೊಲೆಹಾಲು ಚೀಪುವಾಗ ಹಾಕುವ ಬಲವನ್ನೂ ಉಳಿಸದೆ ಹಾಕಿದೆ ಅಂತ. ಹಾಲನ್ನು ತಿನ್ನೋದು ಹೇಗೆ ಅನ್ನಬೇಡಿ, ಅವರು ಸಿಗರೇಟನ್ನೂ ಔಷಧಿಯನ್ನೂ "ಸಿಕ್6" ಮಾಡುತ್ತಾರೆ.

ನೀವು ಕೇಳಿದ "ಲಾಯ್" ತಪ್ಪಲ್ಲ. ಪದದ ಮೊದಲ ನ-ಕಾರವನ್ನು ಅನೇಕರು ಲ ಮಾಡುತ್ತಾರೆ. ಕಲಿಯುವವರು ನ ಇಟ್ಟುಕೊಳ್ಳಿ.

ಕನ್ನಡಿಗರು ಎಡವುವುದು ಕೊನೆಯ ವ್ಯಂಜನದಲ್ಲಿ. ಅಭ್ಯಾಸಬಲದಿಂದ "ಸಿಕ್ಕು", "ಲಿಕ್ಕು" ಅಂತ ಉ ಸೇರಿಬಿಡುತ್ತದೆ, ಕೇಳುವವರಿಗೆ ಒಂದು ಅಕ್ಷರ ಹೆಚ್ಚು ಬಂದಂತಾಗುತ್ತದೆ. "ಅಕ್ಕ" ಅನ್ನಲು ಶುರುಮಾಡಿ, ಒತ್ತು ಹಿಡಿದ ಕಡೆಯೇ ನಿಲ್ಲಿಸಿ, ಗಾಳಿ ಬಿಡಬೇಡಿ. ಛೊತ್‌ಗೆ "ಅತ್ತೆ"ಯನ್ನು ಹಾಗೇ ಅರ್ಧಕ್ಕೆ ನಿಲ್ಲಿಸಿ. ಛೊತ್, ಚೊನ್‌ಗಳ ಸ್ವರ ನಮ್ಮಲ್ಲಿಲ್ಲ: ನಾಲಿಗೆ ಎ ಹತ್ತಿರ, ತುಟಿ ಒ ಆಕಾರ, ಹ್ರಸ್ವ. ಕ್ಯಾಂಟನೀಸನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಜ್ಯುತ್‌ಪಿಂಗ್ ಬರಹದ ಝಡ್ (z) ನೋಡಿ ಜ ಅನ್ನಬೇಡಿ, ಅದು ಮಹಾಪ್ರಾಣವಿಲ್ಲದ "ತ್ಸ", ಇಲ್ಲಿ ಚ ಅಂತ ಬರೆದಿದ್ದೇನೆ. ಸಿ (c) ಅಕ್ಷರ ಅದರ ಮಹಾಪ್ರಾಣ, ಇಲ್ಲಿ ಛ. ಈ ವ್ಯತ್ಯಾಸ ಹಿಡಿಯೋದು ಚ-ಛ ಕಲಿತ ನಮಗೆ ಸಲೀಸು.

ಟೋನ್‌ನಲ್ಲಿ 1 ಮೇಲೆ ಸಮವಾಗಿ, 6 ಕೆಳಗೆ ಸಮವಾಗಿ. 5 ಕೆಳಗಿಂದ ಸ್ವಲ್ಪವೇ ಏರುತ್ತದೆ, "ಹೌದಾ?" ಅನ್ನುವಷ್ಟು ಎತ್ತಿದರೆ 2 ಆಗುತ್ತದೆ. ಅಭ್ಯಾಸಕ್ಕೆ ಈ ವಾಕ್ಯ ಸಾಕು:

ಙೊ5 ಛೊತ್1 ಚೊನ್6 ಸಿಕ್6 ನಾಯ್5 ಚಿ1 ಲಿಕ್6 ತೊವ್1 ಹೊಯ್1 ಮ್4 ತೊವ್2 ಕೊ3 ಚೊನ್1

"ಇದ್ದಬದ್ದ ಬಲವೆಲ್ಲ ಹಾಕಿದರೂ ಬಾಟಲಿ ತೆಗೆಯೋಕಾಗಲಿಲ್ಲ." ಚೊನ್6 ಮುಗಿಸು, ಚೊನ್1 ಬಾಟಲಿ, ತೊವ್1 "ಆದರೂ", ತೊವ್2 "ಆಗು". ಟೋನ್ ಯಾಕೆ ಬೇಕು ಅನ್ನೋದಕ್ಕೆ ಇನ್ನೇನು ಉದಾಹರಣೆ ಬೇಕು! (ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಙ ಗೆ ಇಲ್ಲಿ ಕೆಲಸ ಸಿಕ್ಕಿದೆ.)

ಚಿ1 ಗ್ರಾಂಥಿಕ ರೂಪ. ಮಾತಿನ ಕೆ3 ಹಾಕಿದರೆ ಅರ್ಥವಾದೀತು, ನುಡಿಗಟ್ಟಿನ ಬಿಗಿ ಹೋಗುತ್ತದೆ.

ಇದು ತಳ್ಳುವ, ಎಳೆಯುವ, ಓಡುವ ಕಡೆ ಚೆನ್ನ, ಧಾಟಿ ತುಸು ತಮಾಷೆಯದು. ಮನಸ್ಸಿಟ್ಟು ಓದಿದೆ, ಅಡುಗೆ ಮಾಡಿದೆ ಅನ್ನೋಕೆ "ಲೊಕ್6 ಚುಕ್1 ಸಮ್1 ಕೆಯ್1" ಬಳಸಿ. ಬರವಣಿಗೆಗಾದರೆ "ಸಿಕ್6 ನಾಯ್5" ಬಿಟ್ಟು ಒಂಬತ್ತು ಎತ್ತು, ಎರಡು ಹುಲಿಯ ಬಲ: "ಕೌ2 ಙೌ4 ಯಿ6 ಫು2 ಚಿ1 ಲಿಕ್6". ಇದರ ಮುಂದೆಯೂ ಅದೇ "ಛೊತ್1 ಚೊನ್6" ಕೂರುತ್ತದೆ.