ಎರಡು ಸ್ಪೀಕರ್‌ಗೆ ಒಂದೇ ಸಬ್‌ವೂಫರ್ ಸಾಕೇ?

ಪ್ರಶ್ನೆ: ನಮ್ಮ ಸ್ಟೀರಿಯೋ ಆಂಪ್ಲಿಫೈಯರ್ ಹಳೆಯದು, ಸಬ್‌ವೂಫರ್‌ಗೆಂದು (ತಗ್ಗು ಸದ್ದಿಗಾಗಿಯೇ ಇರುವ ಸ್ಪೀಕರ್‌ಗೆಂದು) ಬೇರೆ ಔಟ್‌ಪುಟ್ ಇಲ್ಲ. ಒಳಗೇ ಆಂಪ್ಲಿಫೈಯರ್ ಇರುವ ಪವರ್ಡ್ ಸಬ್‌ವೂಫರ್ ತಂದು, ಎಡ ಬಲ ಎರಡರ ಕೆಂಪು ವೈರ್‌ಗಳನ್ನೂ ಒಟ್ಟಿಗೆ ತಿರುಚಿ ಕೊಟ್ಟೆವು. ವಾಲ್ಯೂಮ್ ಏರಿಸಿದರೆ ಆಂಪ್ಲಿಫೈಯರ್ ಕಟ್ ಆಗುತ್ತದೆ. ಎರಡು ಸಬ್‌ವೂಫರ್ ಬೇಕಿತ್ತೇ?

ಉತ್ತರ: ಒಂದೇ ಸಾಕು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬಂತೆಂದು ಕಿವಿಗೆ ಸುಲಭವಾಗಿ ತಿಳಿಯುವುದಿಲ್ಲ; ಅದರ ಒಂದು ಅಲೆಯ ಉದ್ದವೇ 4 ಮೀಟರ್ ದಾಟುತ್ತದೆ. ಎಡವಟ್ಟಾದದ್ದು ವೈರಿಂಗ್‌ನಲ್ಲಿ. ಮೊದಲು ಆ ಗಂಟು ಬಿಚ್ಚಿ. ಎಡ ಬಲಗಳ ಸಂಗೀತ ಬೇರೆಯಾದಾಗಲೆಲ್ಲ ಒಂದು ಚಾನೆಲ್ ಇನ್ನೊಂದರೊಳಕ್ಕೆ ಕರೆಂಟ್ ನೂಕುತ್ತದೆ. ಪ್ರೊಟೆಕ್ಷನ್ ಇಲ್ಲದ ಆಂಪ್ಲಿಫೈಯರ್ ಆಗಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೇ ಹೋಗಬಹುದಿತ್ತು.

ಸಬ್‌ವೂಫರ್ ಹಿಂದೆ ‘ಹೈ ಲೆವೆಲ್’ ಇನ್‌ಪುಟ್ (ಸ್ಪೀಕರ್ ವೈರ್ ನೇರ ಸಿಕ್ಕಿಸುವ ಜಾಗ) ಇದೆಯೇ ನೋಡಿ. ಇದ್ದರೆ ಎರಡರ ಪ್ಲಗ್ಗನ್ನೂ ಕಿತ್ತು, ಆಂಪ್ಲಿಫೈಯರ್‌ನ ಎಡದ ಕೆಂಪು, ಕಪ್ಪು ಎಡಕ್ಕೆ, ಬಲದವು ಬಲಕ್ಕೆ ಕೊಡಿ. ಈಗಿನ ಸ್ಪೀಕರ್ ವೈರ್‌ಗಳು ಇದ್ದಲ್ಲೇ ಇರಲಿ. ಬೆರೆಸುವ ಕೆಲಸ ಸಬ್‌ವೂಫರ್ ಒಳಗೇ ಆಗುತ್ತದೆ. ಅದು ಎಳೆಯುವ ಕರೆಂಟ್ ತೀರಾ ಅಲ್ಪ. ಬರೀ ಆರ್‌ಸಿಎ ತೂತುಗಳಿದ್ದರೆ ಸ್ಪೀಕರ್ ಸಿಗ್ನಲ್ಲನ್ನು ಆ ತೂತುಗಳಿಗೆ ತಕ್ಕಷ್ಟು ತಗ್ಗಿಸುವ ‘ಹೈ ಲೋ ಕನ್ವರ್ಟರ್’ ಅನ್ನು ಕಾರ್ ಆಡಿಯೋ ಅಂಗಡಿಯಲ್ಲಿ ಕೇಳಿ. ಕ್ಲಾಸ್ ಡಿ ಎಂಬ ಸ್ವಿಚಿಂಗ್ ಬಗೆಯ ಆಂಪ್ಲಿಫೈಯರ್‌ಗಳಲ್ಲಿ ಮಾತ್ರ ಹುಷಾರು: ಹಲವುಗಳ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ, ಮ್ಯಾನ್ಯುಯಲ್ ಓದದೆ ಕೈ ಹಾಕಬೇಡಿ.

ನಿಮ್ಮ ಸ್ಪೀಕರ್ 60 ಹರ್ಟ್ಸ್‌ವರೆಗೆ ಇಳಿಯುವುದಾದರೆ ಕ್ರಾಸ್‌ಓವರ್ ನಾಬ್ (ಸಬ್‌ವೂಫರ್ ಎಷ್ಟು ಹರ್ಟ್ಸ್‌ವರೆಗೆ ನುಡಿಯಬೇಕೆಂದು ಹೊಂದಿಸುವ ಗುಂಡಿ) 60ರ ಆಸುಪಾಸಿನಲ್ಲಿರಲಿ. ಗಂಡಸರ ದನಿ ಸಬ್‌ವೂಫರ್‌ನಿಂದ ಬಂದಂತೆ ಕೇಳಿಸಿದರೆ ಅದು ಹೆಚ್ಚಾಯಿತು. ಸಬ್‌ವೂಫರ್‌ನ ಅಲೆಯನ್ನು ತಿರುಗುಮುರುಗು ಮಾಡುವ ಫೇಸ್ ಸ್ವಿಚ್ಚನ್ನು 0 ಮತ್ತು 180ರಲ್ಲಿ ಇಟ್ಟು ನೋಡಿ. ಕೂರುವ ಜಾಗದಲ್ಲಿ ಯಾವುದು ತುಂಬಿ ಕೇಳುತ್ತದೋ ಅದೇ ಸರಿ.

ಪ್ರಶ್ನೆ: ಮೂಲೆಯಲ್ಲಿಟ್ಟ ಸಬ್‌ವೂಫರ್ ಒಂದೆರಡು ಸ್ವರಕ್ಕೆ ಮಾತ್ರ ಧಿಂ ಎನ್ನುತ್ತದೆ. ಸದಾ ಗುಂಯ್ ಸದ್ದೂ ಇದೆ.

ಉತ್ತರ: 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ನಲ್ಲಿ ತಾನೇ ಮೊರೆಯುತ್ತದೆ, ಮೂಲೆಯಲ್ಲಿಟ್ಟರೆ ಇನ್ನೂ ಜೋರು. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ಗೋಡೆಯ ಬದಿಯಲ್ಲಿ ಅಂಬೆಗಾಲಿಡಿ. ಮನೆಯವರು ನಕ್ಕರೆ ನಗಲಿ. ಎಲ್ಲ ಸ್ವರವೂ ಸಮವಾಗಿ ಕೇಳುವ ಕಡೆ ಅದನ್ನಿಡಿ. ಗುಂಯ್ ಸದ್ದಿಗೆ ಹೆಚ್ಚಾಗಿ ಗ್ರೌಂಡ್ ಲೂಪ್ (ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಗ್ರೌಂಡ್ ಸೇರಿ ಆಗುವ ಸುತ್ತು) ಕಾರಣ: ಆಂಪ್ಲಿಫೈಯರ್, ಸಬ್‌ವೂಫರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಕಿತ್ತು ನೋಡಿ. ಅರ್ಥ್ ಪಿನ್ ಮುರಿದರೂ ಸದ್ದು ನಿಲ್ಲಬಹುದು, ಆದರೆ ಒಳಗೆ ಕರೆಂಟಿನ ವೈರ್ ಲೋಹದ ಮೈಗೆ ತಗುಲಿದ ದಿನ ಶಾಕ್ ನಿಮಗೇ ಹೊಡೆಯುತ್ತದೆ.